ಉಪಕರಣಗಳ ನಾಮಕರಣ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಅರೆವಾಹಕಗಳ ಪರೀಕ್ಷೆಯ ಚರಿತ್ರೆಯನ್ನು ಹೇಳಹೊರಟರೆ ಕೇಳುವವರಿಗೆ ನಗು ಬಂದೀತು. ಬಂದರೆ ತಪ್ಪಿಲ್ಲ, ನನಗೂ ಮೊದಲು ಬಂದದ್ದು ನಗುವೇ. ನನ್ನ ತಮ್ಮನ ಮಗಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಪರೀಕ್ಷಿಸುವ ಎಂಜಿನಿಯರು. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಊರಿಗೆ ಬಂದಿದ್ದಾಗ, "ದಿನವಿಡೀ ಏನು ಕೆಲಸ ಮಾಡುತ್ತೀಯಮ್ಮ?" ಎಂದು ಕೇಳಿದೆ. "ಹೆಚ್ಚು ಹೊತ್ತು ಹೆಸರಿಡುವ ಕೆಲಸವೇ, ದೊಡ್ಡಪ್ಪ" ಎಂದಳು. "ಹಾಗಾದರೆ ನೀನೂ ನಮ್ಮ ಕಸುಬಿನವಳೇ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. "ನಿಮ್ಮಲ್ಲಿ ಹೆಸರು ತಪ್ಪಿದರೆ ಅಂಕ ಹೋಗುತ್ತದೆ. ನಮ್ಮಲ್ಲಿ ಹಾಗಲ್ಲ" ಎಂದಳು.

ಆ ಗಾಂಭೀರ್ಯಕ್ಕೆ ಕಾರಣವಾದ ಘಟನೆಯನ್ನು ಆಮೇಲೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಅದರ ಹಿಂದಿರುವ ಅರವತ್ತು ವರ್ಷಗಳ ಕಥೆ ಸ್ವಲ್ಪ ತಿಳಿದಿರಬೇಕು. ಅವಳು ಕೊಟ್ಟ ಒಂದೆರಡು ಪುಸ್ತಕಗಳನ್ನು ಹಿಡಿದು ಕೂತು, ದೂರವಾಣಿಯಲ್ಲಿ ಅವಳನ್ನು ಪೀಡಿಸಿ, ನಾನು ಕಲಿತದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಚಿಪ್ಪು ಎಂಬ ಮಾತು ನಮ್ಮ ಕಿವಿಗೆ ಮುತ್ತಿನ ಚಿಪ್ಪನ್ನು ನೆನಪಿಗೆ ತರುತ್ತದೆ. ಇಂಗ್ಲಿಷಿನವರಿಗೆ ಅದು ಬರಿಯ ಚೂರು; ಆದರೂ ನಮ್ಮ ಹೋಲಿಕೆ ಅಸಂಗತವೇನಲ್ಲ. ಸಿಲಿಕಾನಿನ ತೆಳುಬಿಲ್ಲೆಯೊಂದರ ಮೇಲೆ ನೂರಾರು, ಕೆಲವೊಮ್ಮೆ ಸಾವಿರಾರು ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ, ಕತ್ತರಿಸಿ, ಒಂದೊಂದನ್ನೂ ಕವಚದೊಳಗೆ ಕೂರಿಸಿ, ಲೋಹದ ಕಾಲುಗಳನ್ನು ಹೊರಕ್ಕೆ ಬಿಡುತ್ತಾರೆ. ಮೂಡಿಸುವಾಗ ಒಂದು ಧೂಳಿನ ಕಣ ಬಿದ್ದರೂ ಆ ಚಿಪ್ಪು ಕೆಟ್ಟಂತೆ. ಒಳಗೆ ಮುತ್ತಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಾಲುಗಳ ಮೂಲಕ ಪ್ರಶ್ನೆ ಹಾಕಿ ಕಾಲುಗಳ ಮೂಲಕವೇ ಉತ್ತರ ಪಡೆಯಬೇಕು.

ಮೊದಲ ಪ್ರಶ್ನೆ ತೀರ ಸರಳವಾದದ್ದು: "ಇದ್ದೀಯಾ?" ಎನ್ನುವಂಥದು. ಪ್ರತಿಯೊಂದು ಕಾಲಿನ ಒಳಮೂಲೆಯಲ್ಲೂ ರಕ್ಷಣೆಗೆಂದು ಪುಟ್ಟ ಡಯೋಡುಗಳನ್ನು ಇಟ್ಟಿರುತ್ತಾರೆ. ಉಪಕರಣವು ಆ ಕಾಲಿನಲ್ಲಿ 100 ಮೈಕ್ರೊಆಂಪಿಯರಿನಂಥ ಅತ್ಯಲ್ಪ ಪ್ರವಾಹವನ್ನು ಹರಿಸಿ ನೋಡುತ್ತದೆ. ಸುಮಾರು 0.6 ಅಥವಾ 0.7 ವೋಲ್ಟ್ ಕಂಡಿತೋ, ತಂತಿ ಸರಿಯಾಗಿ ಕೂಡಿದೆ ಎಂದು ಅರ್ಥ. ಸೊನ್ನೆಯ ಹತ್ತಿರ ಕಂಡರೆ ಒಳಗೆಲ್ಲೋ ಎರಡು ತಂತಿ ಒಂದಕ್ಕೊಂದು ತಗುಲಿವೆ. ತಂತಿಯೇ ಕಡಿದಿದ್ದರೆ ಉಪಕರಣವು ಹರಿಯದ ಪ್ರವಾಹವನ್ನು ಹರಿಸಲು ಹೆಣಗುತ್ತ, ವೋಲ್ಟೇಜನ್ನು ಏರಿಸುತ್ತ ಹೋಗಿ, ನಾವು ಮೊದಲೇ ಹಾಕಿಟ್ಟ ಗಡಿಯನ್ನು ಮುಟ್ಟಿ ನಿಲ್ಲುತ್ತದೆ. ಪ್ರವಾಹ ಎಷ್ಟು, ಗಡಿ ಎಲ್ಲಿ, ಅಳೆಯುವ ಮುನ್ನ ಎಷ್ಟು ಹೊತ್ತು ಕಾಯಬೇಕು, ಎಲ್ಲಕ್ಕಿಂತ ಮೊದಲು, ಯಾವ ಕಾಲು? ಇದನ್ನೆಲ್ಲ ಉಪಕರಣಕ್ಕೆ ಯಾರಾದರೂ ಹೇಳಿಕೊಡಬೇಕು. ನಾನು ಹೇಳಲಿರುವುದು ಈ ಹೇಳಿಕೊಡುವ ಬಗೆಯ ಚರಿತ್ರೆ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜ್ಯಾಕ್ ಕಿಲ್ಬಿ ಇಡಿಯ ಮಂಡಲವನ್ನೇ ಅರೆವಾಹಕದ ಒಂದು ತುಣುಕಿನಲ್ಲಿ ಅಡಗಿಸಿ ತೋರಿಸಿದನು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಜಗಲಿಯ ಮೇಲೆ ಕೂತು ವಾರ್ತೆ ಹೇಳುತ್ತಿದ್ದ ರೇಡಿಯೋದೊಳಗಿನ ಆ ಮೂರು ಕಾಲಿನ ಜೀವಿಗಳು ಎಲ್ಲಿಂದ ಬಂದಿದ್ದವೋ! ಎಲ್ಲಿಯದಾದರೂ, ಹೊರಡುವ ಮುನ್ನ ಅವನ್ನು ಯಾರೋ ಪರೀಕ್ಷಿಸಿಯೇ ಕಳಿಸಿರಬೇಕು. ಆ ಕಾಲದ ಪರೀಕ್ಷೆ ಬಹಳಮಟ್ಟಿಗೆ ಕೈಯ ಕೆಲಸ: ಗುಂಡಿಯನ್ನು ತಿರುಗಿಸುವುದು, ಮುಳ್ಳು ಎಲ್ಲಿ ನಿಂತಿತೆಂದು ನೋಡುವುದು, ಬರೆದುಕೊಳ್ಳುವುದು. ಪ್ರಶ್ನೆ ಬೆರಳಿನಲ್ಲಿತ್ತು, ತೀರ್ಪು ಕಣ್ಣಿನಲ್ಲಿತ್ತು.

ಈ ಕೆಲಸವನ್ನು ಕೈಯಿಂದ ಬಿಡಿಸಲು ಹೊರಟವರಲ್ಲಿ ಮುಖ್ಯರಾದವರು ಬಾಸ್ಟನ್ ನಗರದ ಇಬ್ಬರು, ಅಲೆಕ್ಸ್ ಡಾರ್ಬೆಲಾಫ್ ಮತ್ತು ನಿಕ್ ಡಿವುಲ್ಫ್. ಎಂ.ಐ.ಟಿ.ಯಲ್ಲಿ ಓದುವಾಗ ಹೆಸರಿನ ಅಕಾರಾದಿಯಲ್ಲಿ ಸಾಲುಗಟ್ಟಿ ನಿಲ್ಲಿಸಿದ್ದರಿಂದ ಇಬ್ಬರೂ ಅಕ್ಕಪಕ್ಕಕ್ಕೆ ಬಂದು ಸ್ನೇಹಿತರಾದರೆಂದು ಹೇಳುತ್ತಾರೆ. ಹೆಸರಿನ ಮಹಿಮೆ ಇಲ್ಲಿಂದಲೇ ಆರಂಭವಾಯಿತೆನ್ನೋಣ. 1960ರಲ್ಲಿ ಅವರು ಪೇಟೆಯೊಳಗಿನ ಒಂದು ಹಾಟ್ ಡಾಗ್ ತಿಂಡಿಯಂಗಡಿಯ ಮೇಲಿನ ಜಾಗವನ್ನು ಬಾಡಿಗೆಗೆ ಹಿಡಿದು ಟೆರಡೈನ್ ಎಂಬ ಕಂಪನಿಯನ್ನು ತೆರೆದರು. ಮರುವರ್ಷ ಡಯೋಡುಗಳನ್ನು ಪರೀಕ್ಷಿಸುವ ಯಂತ್ರವನ್ನು ಹೊರತಂದರು. ಪ್ರಯೋಗಾಲಯದ ಮಾಪಕ ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತಿತ್ತು. ಕಾರ್ಖಾನೆಗೆ ಬೇಕಾಗಿದ್ದದ್ದು ಸಂಖ್ಯೆಯಲ್ಲ, ಹೌದು ಅಥವಾ ಅಲ್ಲ. ಅದನ್ನು ಹೇಳುವ ಯಂತ್ರ ಇದಾಯಿತು. 1966ರಲ್ಲಿ ಅದೇ ಕಂಪನಿ ಪಿಡಿಪಿ-8 ಎಂಬ ಸಣ್ಣ ಗಣಕವನ್ನು ಪರೀಕ್ಷಾಯಂತ್ರಕ್ಕೆ ಜೋಡಿಸಿ, ಜೆ259 ಎಂಬ ಹೆಸರಿನಿಂದ ಮಾರಿತು. ಅಲ್ಲಿಂದ ಮುಂದೆ ಪರೀಕ್ಷೆಯ ಪ್ರಶ್ನೆಗಳು ಬರೆದಿಟ್ಟ ಪಠ್ಯವಾದವು. ಬೆರಳಿನಲ್ಲಿದ್ದದ್ದು ಅಕ್ಷರಕ್ಕೆ ಬಂತು. ನನ್ನಂಥವನಿಗೆ ಈ ಚರಿತ್ರೆಯಲ್ಲಿ ಪ್ರವೇಶ ದೊರೆಯುವುದು ಈ ಬಾಗಿಲಿನಿಂದಲೇ.

ಇಂಥ ದೊಡ್ಡ ಯಂತ್ರಗಳು ಬಲು ದುಬಾರಿ. ಪ್ರಯೋಗಾಲಯಗಳಲ್ಲಿ ಬಿಡಿಬಿಡಿಯಾದ ಮಾಪಕಗಳೇ ಇರುತ್ತಿದ್ದವು: ವೋಲ್ಟ್ ಅಳೆಯುವುದೊಂದು, ವಿದ್ಯುತ್ ಒದಗಿಸುವುದೊಂದು, ಅಲೆಗಳನ್ನು ಹುಟ್ಟಿಸುವುದೊಂದು. ಇವನ್ನೆಲ್ಲ ಒಂದೇ ಗಣಕದ ಅಂಕೆಗೆ ತರುವುದು ಹೇಗೆ? ಕ್ಯಾಲಿಫೋರ್ನಿಯಾದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರು 1960ರ ದಶಕದ ನಡುವಿನಿಂದ ಇದಕ್ಕಾಗಿ ದುಡಿದು ಒಂದು ಕೇಬಲ್ಲಿನ ಪದ್ಧತಿಯನ್ನು ರೂಪಿಸಿದರು. 1975ರಲ್ಲಿ ಅದು ಐಇಇಇ-488 ಎಂಬ ಮಾನಕವಾಗಿ ಎಲ್ಲ ತಯಾರಕರಿಗೂ ಸೇರಿತು. ಹದಿನಾರು ಸಂಕೇತದ ತಂತಿಗಳು, ಅವುಗಳಲ್ಲಿ ಎಂಟು ಮಾತನ್ನು ಸಾಗಿಸಲು, ಉಳಿದವು ಮಾತಿನ ಶಿಸ್ತಿಗೆ. ಒಂದು ಸಾಲಿನಲ್ಲಿ ಹದಿನೈದು ಉಪಕರಣಗಳವರೆಗೆ.

ಈ ಪದ್ಧತಿಯ ನಿಯಮಗಳನ್ನು ಓದಿದಾಗ ನನಗೆ ತರಗತಿಯೇ ಕಣ್ಣಿಗೆ ಕಟ್ಟಿತು. ಅದರಲ್ಲಿ ಮೂರು ಬಗೆಯ ಪಾತ್ರಗಳು: ಮಾತನಾಡುವವನು, ಕೇಳುವವನು, ಸಭೆಯನ್ನು ನಡೆಸುವವನು. ಒಂದು ಹೊತ್ತಿನಲ್ಲಿ ಒಬ್ಬನೇ ಮಾತನಾಡಬೇಕು. ಕೇಳುವವರು ಎಷ್ಟು ಜನವಾದರೂ ಇರಬಹುದು. ಮಾತನಾಡುವವನು ಒಂದು ಅಕ್ಷರವನ್ನು ತಂತಿಯ ಮೇಲೆ ಇಟ್ಟನೆಂದರೆ, ಕೇಳುವವರೆಲ್ಲರೂ 'ತೆಗೆದುಕೊಂಡೆ' ಎನ್ನುವವರೆಗೂ ಮುಂದಿನ ಅಕ್ಷರವನ್ನು ಎತ್ತುವಂತಿಲ್ಲ. ಅತಿ ನಿಧಾನದವನು ಒಪ್ಪಿದಾಗಲೇ ಸಾಲು ಮುಂದೆ ಸಾಗುತ್ತದೆ. ಉಕ್ತಲೇಖನ ಕೊಡುವಾಗ ಕೊನೆಯ ಬೆಂಚಿನ ಹುಡುಗ ಬರೆದು ತಲೆಯೆತ್ತುವವರೆಗೆ ಕಾಯುತ್ತಿದ್ದ ನನ್ನ ಪ್ರಾಥಮಿಕ ಶಾಲೆಯ ಮೇಷ್ಟರು ನೆನಪಾದರು. ಯಂತ್ರಗಳ ಲೋಕದಲ್ಲಿ ಇಷ್ಟು ದಾಕ್ಷಿಣ್ಯವಿದೆಯೆಂದು ನಾನು ಎಣಿಸಿರಲಿಲ್ಲ.

ಇಲ್ಲಿ ಹೆಸರೆಂದರೆ ಸಂಖ್ಯೆ. ಪ್ರತಿ ಉಪಕರಣದ ಬೆನ್ನಿನ ಮೇಲೆ ಸಾಮಾನ್ಯವಾಗಿ ಐದು ಪುಟ್ಟ ಸ್ವಿಚ್ಚುಗಳು; ಅವನ್ನು ಪೆನ್ಸಿಲಿನ ತುದಿಯಿಂದ ಮೇಲಕ್ಕೋ ಕೆಳಕ್ಕೋ ಒತ್ತಿ 0ಯಿಂದ 30ರವರೆಗೆ ಒಂದು ಸಂಖ್ಯೆಯನ್ನು ಕೊಡಬೇಕು. ಎರಡು ಉಪಕರಣಕ್ಕೆ ಒಂದೇ ಸಂಖ್ಯೆ ಬಿದ್ದರೆ ಒಂದೇ ಹಾಜರಿಗೆ ಇಬ್ಬರು ಹುಡುಗರು ಎದ್ದುನಿಂತಂತೆ. ಆದರೆ ಒಂದು ಅನುಕೂಲವಿತ್ತು. ಹೆಸರು ವಸ್ತುವಿನ ಬೆನ್ನಿಗೇ ಅಂಟಿಕೊಂಡಿತ್ತು. ಸಂಶಯ ಬಂದರೆ ಎದ್ದುಹೋಗಿ, ಹಿಂದೆ ಬಗ್ಗಿ, ಕಣ್ಣಾರೆ ನೋಡಬಹುದಾಗಿತ್ತು. ಈ ಮಾತನ್ನು ತಾವು ಜ್ಞಾಪಕದಲ್ಲಿಡಬೇಕು.

ತಂತಿಗಳು ಒಂದಾದವು, ಭಾಷೆ ಒಂದಾಗಲಿಲ್ಲ. ಹ್ಯೂಲೆಟ್ ಪ್ಯಾಕರ್ಡಿನ 3478ಎ ಎಂಬ ಮಾಪಕಕ್ಕೆ 'ಎಫ್ ಒಂದು' ಎಂದರೆ 'ನೇರ ವೋಲ್ಟೇಜನ್ನು ಅಳೆ' ಎಂದು ಅರ್ಥ. ಬೇರೆ ತಯಾರಕನ ಮಾಪಕಕ್ಕೆ ಅದು ಅರ್ಥವಿಲ್ಲದ ಶಬ್ದವಾಗಬಹುದು, ಇಲ್ಲವೆ ಬೇರೆಯೇ ಅರ್ಥ ಕೊಡಬಹುದು. ಮಾಪಕ ಬದಲಾದರೆ ಬರೆದ ಪಠ್ಯವನ್ನೆಲ್ಲ ಬದಲಿಸಬೇಕು. 1987ರಲ್ಲಿ ಮಾನಕದ ಎರಡನೆಯ ಭಾಗ ಬಂದು ಕೆಲವು ಮಾತುಗಳನ್ನಾದರೂ ಎಲ್ಲರಿಗೂ ಸಮಾನವಾಗಿಸಿತು. ಅವುಗಳಲ್ಲಿ ಒಂದು ನನಗೆ ಬಹಳ ಪ್ರಿಯವಾದದ್ದು. ನಕ್ಷತ್ರದ ಗುರುತು, ಐ, ಡಿ, ಎನ್, ಪ್ರಶ್ನಚಿಹ್ನೆ: ಇಷ್ಟನ್ನು ಕಳುಹಿಸಿದರೆ ಉಪಕರಣ ತನ್ನ ತಯಾರಕನ ಹೆಸರು, ತನ್ನ ಮಾದರಿ, ತನ್ನ ಕ್ರಮಸಂಖ್ಯೆ, ತನ್ನೊಳಗಿನ ತಂತ್ರಾಂಶದ ಆವೃತ್ತಿ, ಈ ನಾಲ್ಕನ್ನೂ ಹೇಳಿ ಸುಮ್ಮನಾಗುತ್ತದೆ. ಗೋತ್ರ, ಸೂತ್ರ, ಶಾಖೆ, ನಾಮಧೇಯ ಹೇಳಿ ಅಭಿವಾದನ ಮಾಡಿದ ಹಾಗೆ.

1990ರಲ್ಲಿ ಹಲವು ತಯಾರಕರು ಕೂಡಿ ಒಂದು ಪೂರ್ಣ ವ್ಯಾಕರಣವನ್ನೇ ಒಪ್ಪಿಕೊಂಡರು. ಅದರ ಮೊದಲಕ್ಷರಗಳನ್ನು ಕೂಡಿಸಿ 'ಸ್ಕಿಪಿ' ಎಂದು ಕರೆಯುತ್ತಾರೆ. ಇದರಲ್ಲಿ ಆಜ್ಞೆಗಳು ಮರದ ಕೊಂಬೆಗಳಂತೆ ಒಂದರಿಂದ ಒಂದು ಕವಲೊಡೆಯುತ್ತವೆ: ಅಳೆ, ಅದರಲ್ಲಿ ವೋಲ್ಟೇಜು, ಅದರಲ್ಲಿ ನೇರವಾದದ್ದು. ಪ್ರತಿ ಪದಕ್ಕೂ ಒಂದು ದೀರ್ಘರೂಪ, ಒಂದು ಹ್ರಸ್ವರೂಪ. ಹ್ರಸ್ವರೂಪ ಮಾಡುವ ಸೂತ್ರವನ್ನು ಕೇಳಿದರೆ ಶಬ್ದಮಣಿದರ್ಪಣವನ್ನು ಪಾಠ ಮಾಡಿದವರಿಗೆ ಸಂತೋಷವಾಗಬೇಕು. ಪದದ ಮೊದಲ ನಾಲ್ಕು ಅಕ್ಷರಗಳನ್ನು ಉಳಿಸಿ ಮಿಕ್ಕದ್ದನ್ನು ಬಿಡುವುದು. ನಾಲ್ಕನೆಯದು ಸ್ವರವಾಗಿದ್ದರೆ ಅದಕ್ಕೂ ಲೋಪ. ಆದ್ದರಿಂದ 'ಫ್ರೀಕ್ವೆನ್ಸಿ' ಎಂಬುದು ಎಫ್, ಆರ್, ಇ, ಕ್ಯೂ ಎಂದು ನಾಲ್ಕಕ್ಷರವಾಗಿ ಉಳಿದರೆ, 'ಪವರ್' ಎಂಬುದು ಪಿ, ಒ, ಡಬ್ಲ್ಯೂ ಎಂದು ಮೂರಕ್ಕೇ ನಿಲ್ಲುತ್ತದೆ. ಅದರ ನಾಲ್ಕನೆಯ ಅಕ್ಷರವಾದ ಇ ಸ್ವರವಾದ್ದರಿಂದ. ದೀರ್ಘವನ್ನು ಹೇಳಿ ಅಥವಾ ಹ್ರಸ್ವವನ್ನು ಹೇಳಿ, ಉಪಕರಣ ಎರಡನ್ನೂ ಒಪ್ಪುತ್ತದೆ. ನಡುವಿನ ಅರೆಬರೆ ರೂಪವನ್ನು ಒಪ್ಪುವುದಿಲ್ಲ. ಕವಿಗಳಿಗಿರುವ ಸ್ವಾತಂತ್ರ್ಯ ಇಲ್ಲಿಲ್ಲ.

ಈ ನಡುವೆ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಟ್ರುಚಾರ್ಡ್, ಜೆಫ್ ಕೊಡೋಸ್ಕಿ, ಬಿಲ್ ನೌಲಿನ್ ಎಂಬ ಮೂವರು 1976ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯನ್ನು ಕಟ್ಟಿ, ಮೇಲೆ ಹೇಳಿದ ಕೇಬಲ್ಲನ್ನು ಗಣಕಕ್ಕೆ ಸೇರಿಸುವ ಫಲಕಗಳನ್ನು ಮಾಡುತ್ತಿದ್ದರು. 1986ರಲ್ಲಿ ಅವರು ಹೊರತಂದ ಲ್ಯಾಬ್‌ವ್ಯೂ ಎಂಬ ತಂತ್ರಾಂಶದಲ್ಲಿ ಬರೆಯುವುದೇ ಇಲ್ಲ; ಚಿತ್ರಗಳನ್ನಿಟ್ಟು ಗೆರೆಗಳಿಂದ ಕೂಡಿಸುವುದು. ತಂತ್ರಾಂಶವೇ ಉಪಕರಣ ಎಂಬುದು ಅವರ ಘೋಷವಾಕ್ಯವಾಯಿತು. ವ್ಯಾಪಾರದ ಘೋಷವಾಕ್ಯಗಳನ್ನು ನಾನು ಸಾಮಾನ್ಯವಾಗಿ ನಂಬುವವನಲ್ಲ. ಇದು ಮಾತ್ರ ಅಕ್ಷರಶಃ ನಿಜವಾಯಿತು. 1997ರಲ್ಲಿ ಅವರದೇ ಪಿಎಕ್ಸ್ಐ ಎಂಬ ಪದ್ಧತಿ ಬಂದಾಗ ಉಪಕರಣವು ಪೆಟ್ಟಿಗೆಯೊಂದರೊಳಗೆ ತೂರಿಸುವ ಹಲಗೆಯಾಗಿ ತೆಳುವಾಯಿತು. ಗುಂಡಿಯಿಲ್ಲ, ಮುಳ್ಳಿಲ್ಲ, ಅಂಕಿ ತೋರಿಸುವ ಗಾಜಿಲ್ಲ, ಬೆನ್ನಿನ ಮೇಲಿನ ಸ್ವಿಚ್ಚೂ ಇಲ್ಲ. ಇದೇ ಪೆಟ್ಟಿಗೆಗಳನ್ನು ಕಟ್ಟಿ 2014ರಲ್ಲಿ ಅವರು ಅರೆವಾಹಕಗಳ ಪರೀಕ್ಷಾಯಂತ್ರಗಳನ್ನೂ ಮಾರತೊಡಗಿದರು. ಆ ಸಂಸ್ಥೆ 2023ರಲ್ಲಿ ಎಮರ್ಸನ್ ಕಂಪನಿಗೆ ಸೇರಿಹೋಯಿತು. ಅದು ಬೇರೆ ಕಥೆ.

ಮುಖವಿಲ್ಲದ ಉಪಕರಣಗಳನ್ನು ಗುರುತಿಸುವುದು ಹೇಗೆ? ಇಲ್ಲಿಂದ ಹೆಸರುಗಳ ರಾಜ್ಯ ಆರಂಭವಾಗುತ್ತದೆ. 1998ರಲ್ಲಿ ಆರಂಭವಾದ ಐವಿಐ ಎಂಬ ಒಕ್ಕೂಟ ಉಪಕರಣಗಳನ್ನು ಜಾತಿಗಳಾಗಿ ವಿಂಗಡಿಸಿ, ಪಠ್ಯದಲ್ಲಿ ಇಂಥ ಕಂಪನಿಯ ಇಂಥ ಮಾದರಿ ಎಂದು ಬರೆಯದೆ ಒಂದು ಕಲ್ಪಿತ ಹೆಸರನ್ನು ಬರೆಯಿರಿ ಎಂದಿತು. ಆ ಹೆಸರು ಯಾವ ವಸ್ತುವನ್ನು ಹೇಳುತ್ತದೆಂಬುದು ಬೇರೊಂದು ಕಡತದಲ್ಲಿರುತ್ತದೆ. ವಸ್ತು ಬದಲಾದರೆ ಕಡತವನ್ನು ತಿದ್ದಿದರಾಯಿತು; ಪಠ್ಯವನ್ನು ಮುಟ್ಟಬೇಕಿಲ್ಲ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ವೋಲ್ಟ್‌ಮಾಪಕ ಎಂಬುದು ರೂಢನಾಮ, ಕ್ರಮಸಂಖ್ಯೆ ಅಂಕಿತನಾಮ, 'ಮುಖ್ಯ ವಿದ್ಯುತ್ ಕೊಡುವವನು' ಎಂದು ಕೆಲಸಕ್ಕೆ ತಕ್ಕಂತೆ ಎಂಜಿನಿಯರು ಇಡುವ ಹೆಸರು ಅನ್ವರ್ಥನಾಮ. ಚಿಪ್ಪಿನ ಕಾಲುಗಳಿಗೂ ಹೀಗೆಯೇ ಹೆಸರಿಟ್ಟು, ಯಾವ ಹೆಸರಿನ ಕಾಲಿಗೆ ಯಾವ ಉಪಕರಣದ ಎಷ್ಟನೆಯ ತಂತಿ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಅದಕ್ಕೆ 'ಪಿನ್ ಮ್ಯಾಪ್' ಎಂದು ಹೆಸರು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಹುಟ್ಟಿನಿಂದಲೇ ಬಂದದ್ದೆಂದು ಮೀಮಾಂಸಕರೂ, ಸಂಕೇತದಿಂದ ಬಂದದ್ದೆಂದು ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಚಿಪ್ಪಿನ ಪರೀಕ್ಷೆ ಮಾಡುವವರು ವಾದಿಸಬೇಕಾಗಿಲ್ಲ. ಇಲ್ಲಿ ಎಲ್ಲವೂ ಸಂಕೇತ, ಮತ್ತು ಆ ಸಂಕೇತವನ್ನು ಮಾಡಿದವರು ಯಾರೆಂಬುದು ಕಡತದ ತುದಿಯಲ್ಲಿ ದಾಖಲಾಗಿರುತ್ತದೆ.

ಇನ್ನು ಅವಳ ಘಟನೆ. ಹೊತ್ತು ಉಳಿಸಲು ಚಿಪ್ಪುಗಳನ್ನು ಒಂದೊಂದಾಗಿ ಪರೀಕ್ಷಿಸುವುದಿಲ್ಲ. ಒಂದು ಫಲಕದ ಮೇಲೆ ನಾಲ್ಕು ಆಸನಗಳಿದ್ದರೆ ನಾಲ್ಕನ್ನೂ ಒಟ್ಟಿಗೆ ಕೂರಿಸುತ್ತಾರೆ. ಆಸನಗಳನ್ನು ಎಣಿಸುವುದು ಸೊನ್ನೆಯಿಂದ: 0, 1, 2, 3. ಯಾಂತ್ರಿಕ ಕೈಯೊಂದು ಚಿಪ್ಪುಗಳನ್ನು ತಂದು ಕೂರಿಸಿ, ತಂತ್ರಾಂಶ ಕೊಟ್ಟ ತೀರ್ಪಿನಂತೆ ಒಳ್ಳೆಯದನ್ನು ಒಂದು ತಟ್ಟೆಗೂ ಕೆಟ್ಟದ್ದನ್ನು ಇನ್ನೊಂದಕ್ಕೂ ಹಾಕುತ್ತದೆ. ಹೊಸ ಫಲಕವೊಂದು ಬಂದಿತ್ತು. ಅದರಲ್ಲಿ ಕೊನೆಯ ಎರಡು ಆಸನಗಳ ತಂತಿಗಳು ಹಳೆಯದಕ್ಕೆ ಅದಲುಬದಲಾಗಿದ್ದವು. ಇವಳು ಹಳೆಯ ಪಟ್ಟಿಯನ್ನೇ ನಕಲು ಮಾಡಿ, ಬೇರೆ ಸಾಲುಗಳನ್ನು ತಿದ್ದಿ, ಆ ಸಾಲುಗಳನ್ನು ಬಿಟ್ಟುಬಿಟ್ಟಳು.

ಪರಿಣಾಮವನ್ನು ಯೋಚಿಸಿ. 3ನೆಯ ಆಸನದ ಚಿಪ್ಪನ್ನು ಅಳೆದು ಬಂದ ಉತ್ತರ 2ನೆಯದರ ಹೆಸರಿಗೆ. 2ನೆಯದರದು 3ರ ಹೆಸರಿಗೆ. ಎರಡೂ ಒಳ್ಳೆಯವಾದರೆ ಏನೂ ತಿಳಿಯುವುದಿಲ್ಲ. ಒಂದು ಕೆಟ್ಟದ್ದಾದರೆ ಪಕ್ಕದ ನಿರಪರಾಧಿ ಕಸದ ತಟ್ಟೆಗೆ ಹೋಗುತ್ತದೆ, ಅಪರಾಧಿ ಒಳ್ಳೆಯದರ ಜೊತೆ ಸೇರಿ ಹೊರಡುತ್ತದೆ. ಆರಂಭದಲ್ಲಿ ಅವಳು ಒಳ್ಳೆಯವೆಂದು ಗೊತ್ತಿದ್ದ ನಾಲ್ಕು ಚಿಪ್ಪುಗಳನ್ನು ಒಟ್ಟಿಗೆ ಕೂರಿಸಿ ಪರೀಕ್ಷಿಸಿದ್ದಳು, ನಾಲ್ಕೂ ಗೆದ್ದಿದ್ದವು. ದಿನದ ಕೊನೆಯಲ್ಲಿ ನೂರಕ್ಕೆ ಎಷ್ಟು ಒಳ್ಳೆಯವು ಎಂಬ ಲೆಕ್ಕವೂ ಸರಿಯಾಗಿಯೇ ಇತ್ತು, ಏಕೆಂದರೆ ಕೆಟ್ಟವುಗಳ ಸಂಖ್ಯೆ ಬದಲಾಗಿರಲಿಲ್ಲ. ಬದಲಾದದ್ದು ಯಾವುದು ಕೆಟ್ಟದ್ದೆಂಬುದು ಮಾತ್ರ. ಮೇಲಿನವರು ವರದಿಯನ್ನು ನೋಡಿ ಸಂತೋಷಪಟ್ಟರು.

ಸಿಕ್ಕಿಬಿದ್ದದ್ದು ಮೂರನೆಯ ದಿನ. ತಿರಸ್ಕೃತವಾದ ಚಿಪ್ಪುಗಳನ್ನು ಮತ್ತೊಮ್ಮೆ ಬೇರೆ ಯಂತ್ರದಲ್ಲಿ ಪರೀಕ್ಷಿಸುವ ಪದ್ಧತಿ ಅಲ್ಲಿತ್ತು. 0 ಮತ್ತು 1ನೆಯ ಆಸನಗಳಿಂದ ಬಂದವು ಎರಡನೆಯ ಸಲವೂ ಸೋತವು. 2 ಮತ್ತು 3ರಿಂದ ಬಂದವು ಹೆಚ್ಚುಕಡಿಮೆ ಎಲ್ಲವೂ ಗೆದ್ದುಬಿಟ್ಟವು. ಎರಡೇ ಆಸನಗಳವರು ಹೀಗೆ ಪುನರ್ಜನ್ಮ ಪಡೆಯುವುದು ಹೇಗೆಂದು ಅವಳಿಗೆ ತಟ್ಟನೆ ಹೊಳೆಯಿತಂತೆ. "ಹೊಳೆದ ತಕ್ಷಣ ಕೈಕಾಲು ತಣ್ಣಗಾಯಿತು, ದೊಡ್ಡಪ್ಪ. ತಿರಸ್ಕರಿಸಿದ್ದರ ಚಿಂತೆ ನನಗಿರಲಿಲ್ಲ. ಒಳ್ಳೆಯದರಲ್ಲಿ ಸೇರಿಹೋದವುಗಳ ಚಿಂತೆ." ಆ ಚಿಪ್ಪುಗಳು ವಾಹನಗಳ ಒಳಗೆ ಸೇರಬೇಕಾದವು.

ಸರಕು ಇನ್ನೂ ಉಗ್ರಾಣದಲ್ಲೇ ಇತ್ತು, ಹೊರಟಿರಲಿಲ್ಲ. ಸಾವಿರಾರು ಚಿಪ್ಪುಗಳನ್ನು ಮತ್ತೆ ತೆಗೆದು ಎರಡು ಹಗಲು ಎರಡು ರಾತ್ರಿ ಪರೀಕ್ಷಿಸಿದರು. ಸಭೆಯಲ್ಲಿ ಯಾರದು ತಪ್ಪೆಂದು ಕೇಳುವ ಮುಂಚೆಯೇ ತನ್ನದೆಂದು ಹೇಳಿದಳಂತೆ. ಹೇಳದೆ ವಿಧಿಯಿರಲಿಲ್ಲ, ಕಡತದ ತುದಿಯಲ್ಲಿ ಅವಳ ಹೆಸರೇ ಇತ್ತಲ್ಲ ಎಂದು ನಾನು ಹಾಸ್ಯ ಮಾಡಹೋಗಿ ಬಾಯಿ ಕಚ್ಚಿಕೊಂಡೆ. ಫಲಕದ ವಿನ್ಯಾಸ ಬದಲಿಸಿದವರು ತಿಳಿಸಬೇಕಿತ್ತಲ್ಲವೆ ಎಂದು ಕೇಳಿದೆ. ನಕ್ಷೆಯಲ್ಲಿ ಬರೆದಿದ್ದರು, ಹದಿಮೂರನೆಯ ಪುಟದಲ್ಲಿ, ತಾನು ನೋಡಲಿಲ್ಲ ಎಂದಳು. ಅಷ್ಟು ದೂರದ ಪುಟದಲ್ಲಿ ಬರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅವಳಿಗಿಲ್ಲ.

ಈಚೆಗೆ ಅವಳ ಮನೆಗೆ ಹೋಗಿದ್ದಾಗ ಈಗ ಹೇಗೆ ಮಾಡುತ್ತೀಯೆ ಎಂದು ಕೇಳಿದೆ. ಹೊಸ ಫಲಕ ಬಂದಾಗಲೆಲ್ಲ ಮೂರು ಆಸನಗಳನ್ನು ಖಾಲಿ ಬಿಟ್ಟು, ಒಂದೇ ಒಂದು ಒಳ್ಳೆಯ ಚಿಪ್ಪನ್ನು ತಾನೇ ಕೈಯಲ್ಲಿ ಹಿಡಿದು ಒಂದೊಂದು ಆಸನದಲ್ಲೂ ಕೂರಿಸಿ, ಪರದೆಯ ಮೇಲೆ ಅದೇ ಆಸನದ ಹೆಸರು ಬೆಳಗುತ್ತದೆಯೇ ಎಂದು ನೋಡುತ್ತಾಳಂತೆ. ತಂತ್ರಾಂಶವೇ ಇದನ್ನು ಮಾಡುವಂತೆ ಬರೆಯಬಹುದಲ್ಲ ಎಂದೆ. ಅದನ್ನೂ ಬರೆದಿದ್ದಾಳೆ, ಆದರೂ ಮೊದಲ ಸಲ ಕೈಯಿಂದಲೇ. ಜೊತೆಗೆ ಫಲಕದ ಚೌಕಟ್ಟಿನ ಅಂಚಿನ ಮೇಲೆ, ಪ್ರತಿ ಆಸನದ ಎದುರಿಗೆ, ಬಿಳಿ ಕಾಗದದ ಚೂರು ಅಂಟಿಸಿ ಅಂಕಿ ಬರೆದಿದ್ದಾಳೆ. ಕೈಫೋನಿನಲ್ಲಿ ಚಿತ್ರ ತೋರಿಸಿದಳು. ಅಂಕಿಗಳು ಕನ್ನಡದವು.

"ಅಲ್ಲಿ ಎಲ್ಲರಿಗೂ ಕನ್ನಡದ ಅಂಕಿ ಗೊತ್ತೇನಮ್ಮ?" ಎಂದೆ.

"ಗೊತ್ತಿಲ್ಲದವರು ನನ್ನ ಹತ್ತಿರ ಬಂದು ಕೇಳುತ್ತಾರೆ, ದೊಡ್ಡಪ್ಪ. ಕೇಳಲಿ ಅಂತಲೇ ಬರೆದದ್ದು."